ಆಟಿಕೆ ಕಾಯಬೇಕು, ಮಗು ಯೋಚಿಸಬೇಕು

ಪುಟ್ಟ ಮಕ್ಕಳಿಗೆ ಕಲಿಸುವ, ಕೈಯಲ್ಲಿ ಹಿಡಿದು ಆಡುವ ಯಂತ್ರಗಳು ಹೊಸವೇನಲ್ಲ. 1978ರಲ್ಲೇ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ‘ಸ್ಪೀಕ್ ಅಂಡ್ ಸ್ಪೆಲ್’ ತಂದಿತು. ಅದು ಒಂದು ಇಂಗ್ಲಿಷ್ ಪದವನ್ನು ಉಚ್ಚರಿಸಿ ಸುಮ್ಮನಾಗುತ್ತಿತ್ತು. ಮಗು ಒಂದೊಂದೇ ಅಕ್ಷರ ಒತ್ತಿ ಸ್ಪೆಲಿಂಗ್ ಹೇಳಬೇಕು. ತಪ್ಪಿದರೆ ಮತ್ತೊಂದು ಅವಕಾಶ. 2003ರ ‘ಲೀಪ್‌ಸ್ಟರ್’ ಎಂಬ ಇನ್ನೊಂದು ಯಂತ್ರದಲ್ಲಿ ಬಣ್ಣದ ಪರದೆ, ಬರೆಯಲು ಕಡ್ಡಿ, ಬದಲಿಸಲು ಕಾರ್ಟ್ರಿಜ್ ಎಲ್ಲವೂ ಬಂದವು. ಆದರೂ ನನ್ನ ಮೆಚ್ಚುಗೆ ಆ ಹಳೆಯದಕ್ಕೇ. ಅದಕ್ಕೆ ಕಾಯುವ ತಾಳ್ಮೆಯಿತ್ತು.

ಇಂದಿನ ಹಲವು ಆಟಿಕೆಗಳು ಗುಂಡಿ ಮುಟ್ಟಿದರೆ ಸಾಕು, ಚಪ್ಪಾಳೆ ತಟ್ಟಿ ಹಾಡಿಬಿಡುತ್ತವೆ. ಯೋಚಿಸುವ ಕೆಲಸವನ್ನೂ ತಾವೇ ಮುಗಿಸುತ್ತವೆ! ಅಂಗಡಿಯಲ್ಲೇ ಬೇಕೆಂದೇ ತಪ್ಪು ಉತ್ತರ ಒತ್ತಿ ನೋಡಿ. ಆಗಲೂ ಶಹಬ್ಬಾಸ್ ಎಂದರೆ ಅಲ್ಲೇ ಬಿಟ್ಟು ಬನ್ನಿ. ಧ್ವನಿ ತಗ್ಗಿಸಲು ಬರುತ್ತದೆಯೇ, ಐಎಸ್‌ಐ ಗುರುತಿದೆಯೇ ಗಮನಿಸಿ. ಬ್ಯಾಟರಿಯ ಮುಚ್ಚಳಕ್ಕೆ ಸ್ಕ್ರೂ ಇರಲೇಬೇಕು. ಬಟನ್ ಸೆಲ್ ಎಂಬ ಪುಟ್ಟ ಬ್ಯಾಟರಿಯನ್ನು ಮಗು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು.

ಇನ್ನು ಸಮಯ. ಎರಡರಿಂದ ನಾಲ್ಕು ವರ್ಷದವರಿಗೆ ಕುಳಿತು ಪರದೆ ನೋಡುವುದು ದಿನಕ್ಕೆ ಒಂದು ಗಂಟೆ ಮೀರದಿರಲಿ, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಆ ಹೊತ್ತಿನಲ್ಲಿ ದಯವಿಟ್ಟು ನೀವೂ ಪಕ್ಕದಲ್ಲಿ ಕುಳಿತುಕೊಳ್ಳಿ.