ಗಾಳದ ಕಾಲ, ಮೀನಿನ ಕಾಲ

ಆಲ್ಕೊಳದಲ್ಲಿ ಕುಳಿತು ಮೀನಿನ ಮಾತನಾಡುವುದಕ್ಕೆ ಒಂದು ನೆಪ ಊರಿನ ಹೆಸರಿನಲ್ಲಿಯೇ ಇದೆ. ‘ಕೊಳ’ ಎಂಬ ಪದ ಅದಕ್ಕೆ ಅಂಟಿಕೊಂಡಿದೆ. ಇವತ್ತು ಇದು ಸಾಗರ ರಸ್ತೆಯ ಬಡಾವಣೆ, ಬಸ್ಸು ಲಾರಿಗಳ ದಾರಿ. ಆದರೆ ಇಲ್ಲಿ ಕುಳಿತವರಲ್ಲಿ ಅರ್ಧಕ್ಕರ್ಧ ಜನರ ಅಜ್ಜನ ಮನೆ ತೀರ್ಥಹಳ್ಳಿಯ ಕಡೆಗೋ ಹೊಸನಗರದ ಕಡೆಗೋ ಇದ್ದೀತು. ಆ ಮನೆಯ ಅಟ್ಟದ ಮೇಲೆ ಮುರಿದ ಕೂಳಿಯೊಂದು, ತುಕ್ಕು ಹಿಡಿದ ಗಾಳವೊಂದು ಇಂದಿಗೂ ಸಿಕ್ಕೀತು.

ಹಿಮ ಬೀಳುವ ದೇಶಗಳಲ್ಲಿ ಮೀನಿನ ಹವ್ಯಾಸಿಗಳಿಗೆ ಶರತ್ಕಾಲದ ಕೊನೆಯ ವಾರಗಳೆಂದರೆ ಬಹಳ ಪ್ರೀತಿ. ಬೆಟ್ಟದ ತುದಿಯಲ್ಲಿ ಮೊದಲ ಹಿಮ ಕಾಣಿಸಿಕೊಳ್ಳುತ್ತದೆ. ಕೆಲವರು ಹಲಗೆ ಕಟ್ಟಿಕೊಂಡು ಜಾರಲು ಮೇಲೆ ಹೊರಟರೆ, ಮತ್ತೆ ಕೆಲವರು ಹೊಳೆ ಹೆಪ್ಪುಗಟ್ಟುವ ಮೊದಲು ಕೊನೆಯದಾಗಿ ಒಮ್ಮೆ ಟ್ರೌಟ್ ಮೀನಿಗೆ ಗಾಳ ಹಾಕಲು ಕಣಿವೆಗೆ ಇಳಿಯುತ್ತಾರೆ. ನಮ್ಮಲ್ಲಿ ಹಿಮವಿಲ್ಲ, ಕೊಡಚಾದ್ರಿಯ ಮೇಲೆ ಮಂಜು ಕವಿಯುತ್ತದೆಯೇ ಹೊರತು ನಿಲ್ಲುವುದಿಲ್ಲ. ಆದರೆ ಅಂಥದೊಂದು ಕಾಲ ಮಾತ್ರ ಇದೆ. ದೀಪಾವಳಿ ಕಳೆದು, ಗದ್ದೆಯಲ್ಲಿ ಭತ್ತ ಬಾಗಿ, ಜೂನ್‌ನಿಂದ ಕೆಂಪಗೆ ಹರಿದ ತುಂಗೆ ತಿಳಿಯಾಗುವ ದಿನಗಳೇ ಅವು. ಮಲೆನಾಡಿನ ಗಾಳದವರು ಕಾಯುವುದು ಈ ತಿಳಿನೀರಿಗೆ.

ಕಾರಣ ಸರಳವಾದದ್ದು. ಕೆಸರು ನೀರಿನಲ್ಲಿ ಮೀನಿಗೆ ಎರೆ ಕಾಣುವುದಿಲ್ಲ. ಸೆಳವಿನಲ್ಲಿ ದಾರ ನಿಲ್ಲುವುದಿಲ್ಲ. ಮಳೆ ಹಿಂದೆ ಸರಿದ ಮೇಲೆ ಹೊಳೆ ಕಿರಿದಾಗುತ್ತದೆ. ಬಂಡೆಗಳು ಒಂದೊಂದಾಗಿ ತಲೆ ಎತ್ತುತ್ತವೆ. ಅಲ್ಲಲ್ಲಿ ಚದುರಿದ್ದ ಮೀನು ಆಳವಾದ ಮಡುಗಳಿಗೆ ಬಂದು ಸೇರುತ್ತದೆ. ಬೆಳಗಿನ ಚಳಿ ಬಿಟ್ಟು, ನೀರಿನ ಮೇಲೆ ಬಿಸಿಲು ಬೀಳುವ ಹೊತ್ತಿಗೆ ದಡದಲ್ಲಿ ಬಿದಿರು ಕೋಲು ಹಿಡಿದು ಕೂರುವವರು ಕಾಣಿಸಿಕೊಳ್ಳುತ್ತಾರೆ. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರಿಗೆ ಗಾಳದ ಹುಚ್ಚಿದ್ದ ಸಂಗತಿ ಅವರ ಓದುಗರಿಗೆ ತಿಳಿದದ್ದೇ. ದಿನವಿಡೀ ಕೂತು ಬರಿಗೈಯಲ್ಲಿ ಎದ್ದು ಬರುವ ಈ ಹವ್ಯಾಸ, ಅದನ್ನು ಬಲ್ಲವರಿಗೆ ಮಾತ್ರ ಅರ್ಥವಾಗುವಂಥದು.

ಟ್ರೌಟ್ ಮೀನನ್ನು ದಕ್ಷಿಣಕ್ಕೆ ತರುವ ಪ್ರಯತ್ನವೂ ನಡೆದಿತ್ತು. ಮದರಾಸು ಪ್ರಾಂತದಲ್ಲಿ ವೈದ್ಯರಾಗಿದ್ದು ಮುಂದೆ ಮತ್ಸ್ಯಶಾಸ್ತ್ರಜ್ಞರೆಂದು ಹೆಸರಾದ ಫ್ರಾನ್ಸಿಸ್ ಡೇ 1860ರ ದಶಕದಲ್ಲಿ ನೀಲಗಿರಿಯ ಹೊಳೆಗಳಲ್ಲಿ ಅದನ್ನು ನೆಲೆಗೊಳಿಸಲು ಹೋಗಿ ಸೋತರು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ವಿಲ್ಸನ್ ಎಂಬ ಅಧಿಕಾರಿ ಕೈಗೂಡಿಸಿಕೊಂಡರು. 1907ರಲ್ಲಿ ಅವಲಾಂಚಿಯಲ್ಲಿ ಮರಿ ಮಾಡುವ ಕೇಂದ್ರವೂ ಆಯಿತು. ಕನ್ನಡಕ್ಕೆ ಹತ್ತಿರದ ನುಡಿಯಾಡುವ ಬಡಗರ ನಾಡಿನಲ್ಲಿ ಹೀಗೆ ಪರದೇಶದ ಮೀನು ನೆಲೆ ಕಂಡಿತು. ಮಲೆನಾಡಿಗೆ ಅದು ಒಗ್ಗುವಂಥದಲ್ಲ. ಟ್ರೌಟ್‌ಗೆ ವರ್ಷವಿಡೀ ತಣ್ಣಗಿನ ನೀರು ಬೇಕು. ಏಪ್ರಿಲ್‌ನಲ್ಲಿ ತುಂಗೆಗೆ ಕಾಲಿಟ್ಟವರಿಗೆ ಉಳಿದದ್ದನ್ನು ಹೇಳಬೇಕಾಗಿಲ್ಲ.

ಗಾಳದ ಮೋಜು ಬಿಳಿಯರು ತಂದದ್ದು ಎಂಬ ಭಾವನೆ ಅನೇಕರಲ್ಲಿದೆ. ಅದು ಸರಿಯಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 1126ರಿಂದ 1138ರವರೆಗೆ ಆಳಿದವನು. ಅವನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಅರಸರ ವಿನೋದಗಳನ್ನು ಹೇಳುವಾಗ ‘ಮತ್ಸ್ಯವಿನೋದ’ ಎಂಬ ಭಾಗವೇ ಇದೆ. ಸುಮಾರು 35 ಬಗೆಯ ಮೀನುಗಳ ಹೆಸರು, ಹೊಳೆಯದ್ದು ಯಾವುದು ಕಡಲಿನದು ಯಾವುದು, ಪೊರೆಯುಳ್ಳದ್ದು ಯಾವುದು ಇಲ್ಲದ್ದು ಯಾವುದು, ಯಾವುದಕ್ಕೆ ಎಂಥ ಎರೆ, ಹುರಿ ಹೇಗಿರಬೇಕು, ಕೋಲು ಹೇಗಿರಬೇಕು ಎಂಬುದೆಲ್ಲ ಅಲ್ಲಿದೆ. ಪ್ರಾಣಿಶಾಸ್ತ್ರಜ್ಞ ಸುಂದರಲಾಲ್ ಹೋರಾ 1951ರಲ್ಲಿ ಈ ಭಾಗವನ್ನು ಕುರಿತು ಬರೆದಾಗ ವಿದ್ವಾಂಸರ ಗಮನ ಇತ್ತ ಹರಿಯಿತು. ಗಾಳವನ್ನು ಕುರಿತ ಇಂಗ್ಲಿಷಿನ ಮೊದಲ ಮುದ್ರಿತ ಕೃತಿ ಬಂದದ್ದು 1496ರಲ್ಲಿ. ಬಸವಕಲ್ಯಾಣದ ಅರಸ ಅದಕ್ಕಿಂತ ಮೂರೂವರೆ ಶತಮಾನ ಮೊದಲೇ ಎರೆಯ ಪಾಕ ಹೇಳಿಕೊಟ್ಟಿದ್ದ. ಅರಸರ ಗ್ರಂಥವಾದ್ದರಿಂದ ಬಡವರ ಬಲೆಯ ಕಥೆ ಅದರಲ್ಲಿ ಹೆಚ್ಚಿಲ್ಲ ಎಂಬುದು ಬೇರೆ ಮಾತು.

ಆ ಕಥೆ ಬರುವುದು ಇನ್ನೊಬ್ಬನ ಪುಸ್ತಕದಲ್ಲಿ. ಹೆನ್ರಿ ಸಲಿವನ್ ಥಾಮಸ್ ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದವರು. ಗಾಳದ ವ್ಯಾಮೋಹಿ. ಘಟ್ಟದಿಂದಿಳಿಯುವ ಹೊಳೆಗಳ ಮಹಶೀರ್ ಮೀನಿನ ಮುಂದೆ ತಮ್ಮ ಊರಿನ ಸಾಲ್ಮನ್ ಸಪ್ಪೆ ಎಂದು ವಾದಿಸಿದವರು. ಅವರ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನಲ್ಲಿಯೇ ಅಚ್ಚಾಯಿತು. ಆದರೆ ಅದಕ್ಕೂ ಮುನ್ನ 1870ರಲ್ಲಿ ಅವರು ಜಿಲ್ಲೆಯ ಮೀನುಗಾರಿಕೆಯ ಬಗ್ಗೆ ಸರಕಾರಕ್ಕೆ ಒಂದು ವರದಿ ಕೊಟ್ಟಿದ್ದರು. ಮೋಜಿನ ಪುಸ್ತಕಕ್ಕಿಂತ ಈ ವರದಿಯೇ ಇವತ್ತಿಗೆ ಹೆಚ್ಚು ಮುಖ್ಯ. ಕಣ್ಣು ಸಣ್ಣದಾದ ಬಲೆಯಲ್ಲಿ ಬೆರಳುದ್ದದ ಮರಿಗಳೂ ಸೋಸಿ ಹೋಗುತ್ತವೆ, ಹೊಳೆಗೆ ಅಡ್ಡ ಕಟ್ಟಿ ದಾಟುವ ಮೀನನ್ನೆಲ್ಲ ಬಾಚುತ್ತಾರೆ, ಮಡುವಿಗೆ ವಿಷ ಹಾಕುತ್ತಾರೆ ಎಂಬುದು ಅವರ ದೂರು. ಕಾರೆಕಾಯಿ ಜಜ್ಜಿ, ಕಾಕಮಾರಿ ಬೀಜ ಅರೆದು ನೀರಿಗೆ ಕಲಸುವುದನ್ನು ಘಟ್ಟದ ಎರಡೂ ಮಗ್ಗುಲಿನ ಹಿರಿಯರು ಬಲ್ಲರು. ಫ್ರಾನ್ಸಿಸ್ ಡೇ ಕೂಡ 1873ರಲ್ಲಿ ದೇಶದ ಸಿಹಿನೀರಿನ ಮೀನುಗಳ ಬಗ್ಗೆ ವರದಿ ಕೊಟ್ಟು ಇಂಥದೇ ಮಾತು ಹೇಳಿದರು. ಕಡೆಗೆ 1897ರಲ್ಲಿ ಭಾರತೀಯ ಮೀನುಗಾರಿಕೆ ಕಾಯಿದೆ ಬಂದಿತು. ನೀರಿಗೆ ಸಿಡಿಮದ್ದು ಎಸೆದರೆ ಅಥವಾ ವಿಷ ಬೆರೆಸಿದರೆ ಎರಡು ತಿಂಗಳ ಸೆರೆ, ಇಲ್ಲವೇ 200 ರೂಪಾಯಿ ದಂಡ. ಆ ಕಾಲಕ್ಕೆ 200 ರೂಪಾಯಿ ಸಣ್ಣ ಮೊತ್ತವಲ್ಲ. ಆದರೂ ಕಾಯಿದೆಯಿಂದ ತೋಟೆ ಸಿಡಿಸುವುದು ನಿಲ್ಲಲಿಲ್ಲ.

ಇಷ್ಟು ಹೇಳಿದ ಮೇಲೆ ಹತ್ತುಮೀನಿನ ಮಾತಿಗೆ ಬರಬೇಕು. ಹತ್ತು ಎಂದರೆ ಇಲ್ಲಿ ಲೆಕ್ಕವಲ್ಲ, ಏರುವುದು. ಮುಂಗಾರಿನ ಮೊದಲ ದೊಡ್ಡ ಮಳೆ ಹೊಯ್ದು, ಒಣಗಿದ್ದ ಹಳ್ಳಕ್ಕೆ ಹೊಸನೀರು ಬಂದ ರಾತ್ರಿ ಹೊಳೆಯ ಮೀನು ಪ್ರವಾಹಕ್ಕೆ ಎದುರಾಗಿ ಮೇಲಕ್ಕೆ ಹೊರಡುತ್ತದೆ. ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಕಾಲುವೆಗೆ, ಕಾಲುವೆಯಿಂದ ಗದ್ದೆಯ ತೂಬಿಗೆ. ಅಂಚು ಕಡಿದು ನೀರು ಧುಮುಕುವಲ್ಲಿ ಅದು ಹಾರುತ್ತದೆ, ಬೀಳುತ್ತದೆ, ಮತ್ತೆ ಹಾರುತ್ತದೆ. ಕರಾವಳಿಯವರು ಮುಗುಡು ಎನ್ನುವ ಮೀಸೆಮೀನು ಗಾಳಿಯನ್ನೂ ಉಸಿರಾಡಬಲ್ಲದಾದ್ದರಿಂದ ನೀರಿಲ್ಲದ ಹಸಿ ಹುಲ್ಲಿನ ಮೇಲೂ ತೆವಳಿಕೊಂಡು ಬದು ದಾಟುತ್ತದೆ. ಇದನ್ನು ಮೊದಲ ಸಲ ಕಂಡ ಮಕ್ಕಳು ಹಾವೆಂದು ಹೆದರಿದರೆ ಆಶ್ಚರ್ಯವಿಲ್ಲ.

ಅವು ಹತ್ತುವುದು ಮೊಟ್ಟೆ ಇಡಲಿಕ್ಕೆ. ತುಂಬಿದ ಹೊಳೆಯಲ್ಲಿ ಮೊಟ್ಟೆ ಕೊಚ್ಚಿಹೋಗುತ್ತದೆ. ದೊಡ್ಡ ಮೀನುಗಳ ಕಾಟವೂ ಅಲ್ಲಿ ಹೆಚ್ಚು. ಆಗಷ್ಟೇ ನೀರು ನಿಂತ ಗದ್ದೆ ಬಯಲಿನಲ್ಲಿ ನೀರು ಬೆಚ್ಚಗಿರುತ್ತದೆ, ಆಳವಿಲ್ಲ, ಮರಿಗಳಿಗೆ ತಿನ್ನಲು ಸೂಕ್ಷ್ಮಜೀವಿಗಳು ಹೇರಳ. ಮಳೆಗಾಲ ಮುಗಿದು ನೀರು ಇಳಿಯುವಾಗ ಮರಿಗಳೂ ಇಳಿದು ಹೊಳೆ ಸೇರುತ್ತವೆ. ಕಾರ್ತೀಕದಲ್ಲಿ ಗಾಳಕ್ಕೆ ಸಿಗುವ ಮೀನಿನ ಹಿಂದಿನ ಕಥೆಯೇ ಇದು. ಯಾವುದೋ ಒಂದು ಜೂನ್ ತಿಂಗಳ ರಾತ್ರಿ ಅದರ ತಾಯಿ ಯಾರದೋ ಗದ್ದೆ ಹತ್ತಿತ್ತು.

ಆ ರಾತ್ರಿಯೇ ಮನುಷ್ಯನೂ ಹೊರಡುತ್ತಾನೆ. ಹಿಂದೆ ದೊಂದಿ, ಆಮೇಲೆ ಗ್ಯಾಸ್‌ಲೈಟು, ಈಗ ತಲೆಗೆ ಕಟ್ಟುವ ಬ್ಯಾಟರಿ. ಕೈಯಲ್ಲಿ ಕತ್ತಿ, ತೂಬಿನ ಬಾಯಿಗೆ ಬಿದಿರಿನ ಕೂಳಿ. ಕಂಬಳಿಕೊಪ್ಪೆ ಹೊದ್ದು, ಕಾಲಿಗೆ ಉಂಬಳ ಹತ್ತಿಸಿಕೊಂಡು, ನಡುರಾತ್ರಿ ಮನೆಗೆ ಬಂದು ಒಲೆಯ ಮುಂದೆ ಮೈ ಕಾಯಿಸುವ ಸುಖವನ್ನು ಉಂಡವರು ಬಿಟ್ಟುಕೊಡುವುದು ಕಷ್ಟ. ಮಲೆನಾಡಿನ ಮಳೆಗಾಲದ ಬಡತನದಲ್ಲಿ ಇದು ಬರಿಯ ಮೋಜೂ ಆಗಿರಲಿಲ್ಲ. ಗದ್ದೆ ಕೆಲಸದವರ ಮನೆಯಲ್ಲಿ ಆ ತಿಂಗಳು ತಿನ್ನಲು ಸಿಕ್ಕುತ್ತಿದ್ದ ಒಳ್ಳೆಯ ಆಹಾರ ಅದೇ. ಉಳಿದದ್ದನ್ನು ಒಲೆಯ ಮೇಲೆ ತೂಗಿ ಒಣಗಿಸಿ ಶ್ರಾವಣದವರೆಗೆ ಇಡುತ್ತಿದ್ದರು. ಹಾಗಾಗಿ ಹತ್ತುಮೀನು ಹಿಡಿಯುವವರನ್ನೆಲ್ಲ ಪಾಪಿಗಳೆಂದು ಪೇಟೆಯಲ್ಲಿ ಕುಳಿತು ಬೈಯುವುದು ಸುಲಭ, ನ್ಯಾಯವಲ್ಲ.

ಆದರೆ ಲೆಕ್ಕ ಬದಲಾಗಿದೆ. ಹಿಂದೆ ನೂರು ಹತ್ತಿದರೆ ಇಪ್ಪತ್ತು ಹಿಡಿಯುತ್ತಿದ್ದರೇನೋ. ಉಳಿದವು ಮೊಟ್ಟೆ ಇಟ್ಟು ಹೋಗುತ್ತಿದ್ದವು. ಈಗ ಹತ್ತುವುದೇ ಕಡಿಮೆ. ತುಂಗೆಗೆ ಗಾಜನೂರಿನಲ್ಲಿ 1950ರ ದಶಕದಲ್ಲಿ ಅಣೆಕಟ್ಟಾಯಿತು, ಈ ಶತಮಾನದಲ್ಲಿ ಅದಕ್ಕೆ ಹತ್ತಿರದಲ್ಲೇ ಎತ್ತರದ ಹೊಸ ಅಣೆಕಟ್ಟು ಬಂದಿತು. ಲಕ್ಕವಳ್ಳಿಯ ಭದ್ರಾ ಅಣೆಕಟ್ಟು 1965ರಲ್ಲಿ ಮುಗಿದಾಗ 59 ಮೀಟರ್ ಎತ್ತರದ ಗೋಡೆ ಭದ್ರೆಗೆ ಅಡ್ಡ ನಿಂತಿತು. ಭದ್ರಾವತಿಯ ಕಡೆಯಿಂದ ಮೇಲಕ್ಕೆ ಹೊರಟ ಮೀನಿಗೆ ಇದು ದಾರಿಯ ಕೊನೆ. ಈ ಅಣೆಕಟ್ಟುಗಳಿಂದ ಅಡಿಕೆ, ಭತ್ತ, ಕಬ್ಬು ಬೆಳೆದು ಎರಡು ಜಿಲ್ಲೆಗಳು ಉಂಡಿವೆ, ಅದನ್ನು ಮರೆಯುವಂತಿಲ್ಲ. ಜಲಾಶಯಕ್ಕೆ ಬಿಡಲು ಬಿ.ಆರ್. ಪ್ರಾಜೆಕ್ಟ್‌ನಲ್ಲಿ ಮರಿ ಬೆಳೆಸುವ ಕೇಂದ್ರವೂ ಇದೆ. ಆದರೆ ಜಲಾಶಯಗಳಿಗೆ ಹೆಚ್ಚಾಗಿ ಬಿಡುವುದು ಗಂಗೆಯ ಬಯಲಿನ ಕಾಟ್ಲಾ, ರೋಹು. ಸಂತೆಯಲ್ಲಿ ಅವು ಸಿಗುತ್ತವೆಂದು ತುಂಗಭದ್ರೆಯ ಸ್ವಂತ ಮೀನು ಚೆನ್ನಾಗಿದೆ ಎಂದು ತಿಳಿಯಬಾರದು. ಕಿಲೋ ತೂಕದ ರೋಹು ಲಕ್ಷಕ್ಕೂ ಮಿಗಿಲಾಗಿ ಮೊಟ್ಟೆ ಇಡಬಲ್ಲದು. ಮಹಶೀರ್ ಅದೇ ತೂಕಕ್ಕೆ ಕೆಲವೇ ಸಾವಿರ ಇಡುತ್ತದೆ, ಬಲಿಯಲು ವರ್ಷಗಳನ್ನೂ ತೆಗೆದುಕೊಳ್ಳುತ್ತದೆ. ಒಮ್ಮೆ ತಪ್ಪಿದ ಲೆಕ್ಕ ಬೇಗ ಸರಿಹೋಗುವುದಿಲ್ಲ.

ಹೀಗಿದ್ದೂ ಕೆಲವು ಮಡುಗಳಲ್ಲಿ ಮೀನು ತುಂಬಿಕೊಂಡಿದೆಯಲ್ಲ, ಅದು ಕಾಯಿದೆಯಿಂದ ಆದದ್ದಲ್ಲ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲಿಗೆ ಹೋದವರೆಲ್ಲ ಪುರಿ ಎಸೆದು ನೋಡಿದ್ದಾರೆ. ತೀರ್ಥಹಳ್ಳಿಯ ಹತ್ತಿರ ಚಿಪ್ಪಲಗುಡ್ಡೆಯಲ್ಲಿ ಮತ್ಸ್ಯಧಾಮವಿದೆ. ಅಲ್ಲಿನ ಮೀನುಗಳಲ್ಲಿ ಹುಲ್ಲುಗೆಂಡೆ ಅಥವಾ ಹರಗಿ ಎನ್ನುವ ಜಾತಿಯದು ವಿಶೇಷ. ದನದಂತೆ ಹುಲ್ಲು ಮೇಯುವ ಈ ಮೀನಿಗೆ 1870ರಲ್ಲಿ ಶಾಸ್ತ್ರೀಯ ಹೆಸರಿಟ್ಟವರು ಟ್ರೌಟ್ ತರಲು ಹೋಗಿ ಸೋತ ಅದೇ ಫ್ರಾನ್ಸಿಸ್ ಡೇ. ಕೈಗೆ ಸಿಗದ ಪರದೇಶದ ಮೀನಿನ ಬೆನ್ನು ಹತ್ತಿದ್ದವರಿಗೆ ಇಲ್ಲಿಯದೇ ಒಂದು ಅಪೂರ್ವ ಮೀನು ಸಿಕ್ಕಿತ್ತು. ಈಗ ಅದು ಅಳಿವಿನ ಅಂಚಿನ ಪಟ್ಟಿಯಲ್ಲಿದೆ. ಒಂದು ಕಾಲಕ್ಕೆ ಹೊಸಪೇಟೆಯ ತುಂಗಭದ್ರಾ ಜಲಾಶಯದಲ್ಲಿ ಹೇರಳವಾಗಿ ಸಿಗುತ್ತಿದ್ದದ್ದು, ಇಂದು ದೇವರ ಹೆಸರಿನ ಮಡುಗಳಲ್ಲಿ ಕಾಣಿಸಿಕೊಳ್ಳುತ್ತದೆ.

ದೇವರ ಹೆಸರೂ ಸಾಲದೇ ಹೋದ ಉದಾಹರಣೆ ಇದೆ. ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ, ಶಿಶಿಲೇಶ್ವರ ದೇವಸ್ಥಾನದ ಮುಂದೆ ಹರಿಯುವ ಕಪಿಲಾ ಹೊಳೆಗೆ 1996ರಲ್ಲಿ ದುಷ್ಕರ್ಮಿಗಳು ವಿಷ ಬೆರೆಸಿದರು. ತಲೆಮಾರುಗಳಿಂದ ಭಕ್ತರು ಅಕ್ಕಿ ಹಾಕಿ ಸಾಕಿದ ಸಾವಿರಾರು ಮೀನು ಹೊಟ್ಟೆ ಮೇಲಾಗಿ ತೇಲಿದವು. ಊರವರು ಅವುಗಳ ನೆನಪಿಗೆ ಒಂದು ಸ್ಮಾರಕ ಕಟ್ಟಿಸಿದ್ದಾರೆ. ಮೀನಿಗೆ ಸ್ಮಾರಕ ಕಟ್ಟಿದ ಊರು ಬೇರೆಲ್ಲಿಯಾದರೂ ಇದ್ದರೆ ಅಪರೂಪವೇ.

ಕಾವೇರಿಯ ಕಥೆಯನ್ನೂ ಹೇಳಬೇಕು, ಗಾಳದವರ ಪರವಾಗಿ ಒಂದು ಮಾತು ಅಲ್ಲಿದೆ. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ 120 ಪೌಂಡು, ಅಂದರೆ 54 ಕಿಲೋ ತೂಗುವ ಡುಬ್ಬದ ಮಹಶೀರ್ ಹಿಡಿದಿದ್ದರು. ಮುಂದೆ ಭೀಮೇಶ್ವರಿ, ಗಾಳಿಬೋರೆಗಳಲ್ಲಿ ಹಿಡಿದು, ತೂಗಿ, ಮತ್ತೆ ನೀರಿಗೆ ಬಿಡುವ ಪದ್ಧತಿಯ ಶಿಬಿರಗಳು ನಡೆದವು. ವನ್ಯಜೀವಿ ಧಾಮದೊಳಗೆ ಮೀನು ಹಿಡಿಯುವುದೂ ಬೇಟೆಯೇ ಎಂಬ ಕಾರಣಕ್ಕೆ ಕಳೆದ ದಶಕದ ಆರಂಭದಲ್ಲಿ ಅದು ನಿಂತಿತು. ಬಾಯಿಗೆ ಕೊಕ್ಕೆ ಚುಚ್ಚಿ ಬಿಡುವುದು ದಯೆಯೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ 1998ರಿಂದ 2012ರವರೆಗೆ ಆ ಗಾಳದವರು ಬರೆದಿಟ್ಟ ದಿನಚರಿಗಳೇ ಒಂದು ಸತ್ಯವನ್ನು ಹೊರಗೆಡವಿದವು. ಲೋನಾವಳದ ಕೇಂದ್ರದಲ್ಲಿ ಮರಿ ಮಾಡಿದ ನೀಲಿ ರೆಕ್ಕೆಯ ಮಹಶೀರನ್ನು ಒಳ್ಳೆಯ ಉದ್ದೇಶದಿಂದಲೇ ಕಾವೇರಿಗೆ ಬಿಟ್ಟಿದ್ದರು. ಅದು ಹೆಚ್ಚುತ್ತ ಹೋದಂತೆ ಹೊಳೆಯ ಸ್ವಂತ ಡುಬ್ಬದ ಮಹಶೀರ್ ಇಲ್ಲವಾಗುತ್ತ ಬಂದಿತ್ತು. ಆ ಡುಬ್ಬದ ಮೀನಿಗೆ ಸರಿಯಾದ ಶಾಸ್ತ್ರೀಯ ಹೆಸರು ಗೊತ್ತಾದದ್ದೇ 2018ರಲ್ಲಿ. ಅದೇ ವರ್ಷ ಅದು ತೀರಾ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು.

ಟ್ರೌಟ್ ಇರುವ ದೇಶಗಳಲ್ಲಿ ಅದು ಮೊಟ್ಟೆ ಇಡುವ ತಿಂಗಳುಗಳಲ್ಲಿ ಗಾಳಕ್ಕೆ ಬಾಗಿಲು ಹಾಕುವುದು ಹಳೆಯ ಪದ್ಧತಿ. ಕಾಶ್ಮೀರದ ಟ್ರೌಟ್ ಹೊಳೆಗಳಲ್ಲಿಯೂ ಚಳಿಗಾಲಕ್ಕೆ ಮುನ್ನ ಪರವಾನಗಿ ಮುಗಿಯುತ್ತದೆ. ನಮ್ಮ ಮೀನಿನ ಪಂಚಾಂಗ ಬೇರೆ, ಅದು ಮಳೆಯ ಪಂಚಾಂಗ. ಕರಾವಳಿಯಲ್ಲಿ ಅದನ್ನು ಒಪ್ಪಿಕೊಂಡಾಗಿದೆ. ಜೂನ್ 1ರಿಂದ ಜುಲೈ 31ರವರೆಗೆ ಮಲ್ಪೆಯ ಯಾಂತ್ರಿಕ ದೋಣಿಗಳು ದಕ್ಕೆಯಲ್ಲಿ ಸಾಲಾಗಿ ಕಟ್ಟಿಕೊಂಡು ನಿಲ್ಲುತ್ತವೆ. ಅದೇ ಜೂನ್‌ನ ರಾತ್ರಿಗಳಲ್ಲಿ ಘಟ್ಟದ ಮೇಲೆ, ತೀರ್ಥಹಳ್ಳಿಯಿಂದ ಆಚೆ, ಗದ್ದೆಯ ಅಂಚಿನಲ್ಲಿ ಬ್ಯಾಟರಿಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತವೆ.