ನಿಂತಲ್ಲೇ ಕುಣಿಯುವ ಕುಣಿತ



ಹಳ್ಳಿಯ ಕುಣಿತದ ಮಟ್ಟು ಪಟ್ಟಣದ ವಾದ್ಯವೃಂದಕ್ಕೆ ಸೇರಿದಾಗ ಬದಲಾಗುವುದು ಮಟ್ಟೋ, ವಾದ್ಯವೃಂದವೋ? ಹಂಗೇರಿಯ ಸಂಯೋಜಕ ಬೇಲಾ ಬಾರ್ಟೋಕ್ ಅವರ ಸಂಗೀತ ಕೇಳಿದಾಗಲೆಲ್ಲ ನನಗೆ ಈ ಪ್ರಶ್ನೆ ಏಳುತ್ತದೆ.

1904ರಲ್ಲಿ ಮನೆಗೆಲಸದ ಯುವತಿಯೊಬ್ಬಳ ಹಾಡು ಬಾರ್ಟೋಕ್ ಅವರ ಕಿವಿಗೆ ಬಿತ್ತು. ಲಿಸ್ಟ್, ಬ್ರಾಮ್ಸ್ ಮೊದಲಾದ ಸಂಯೋಜಕರು ಹಂಗೇರಿಯದೆಂದು ಬಳಸಿಕೊಂಡದ್ದು ಬಹುಮಟ್ಟಿಗೆ ಪಟ್ಟಣದ ರೋಮಾ ಜನಾಂಗದ ವಾದಕರ ಸಂಗೀತ. ಆ ಯುವತಿಯ ಹಾಡಿನ ದಾರಿಯೇ ಬೇರೆಯಾಗಿತ್ತು. ಮುಂದೆ ಬಾರ್ಟೋಕ್ ಅವರೂ ಗೆಳೆಯ ಜೋಲ್ಟಾನ್ ಕೊಡಾಯ್ ಅವರೂ ಫೋನೋಗ್ರಾಫ್ ಹೊತ್ತು ಹಳ್ಳಿಹಳ್ಳಿ ಸುತ್ತಿದರು. ಮೇಣದ ಉರುಳೆಗಳ ಮೇಲೆ ಹಾಡುಗಳನ್ನು ಹಿಡಿದಿಟ್ಟು, ಮತ್ತೆ ಮತ್ತೆ ಕೇಳಿ ಸ್ವರ ಬರೆದುಕೊಂಡರು.

ಆ ಓಡಾಟದ ಫಲಗಳಲ್ಲಿ ಒಂದು 'ರೊಮೇನಿಯಾದ ಜನಪದ ಕುಣಿತಗಳು'. 1915ರಲ್ಲಿ ಪಿಯಾನೋಗೆ ಬರೆದು, 1917ರಲ್ಲಿ ಪುಟ್ಟ ವಾದ್ಯವೃಂದಕ್ಕೆ ಅಳವಡಿಸಿದರು. ಮಟ್ಟುಗಳು ಆಗ ಹಂಗೇರಿಯಲ್ಲಿದ್ದು ಈಗ ರೊಮೇನಿಯಾಕ್ಕೆ ಸೇರಿರುವ ಹಳ್ಳಿಗಳವು. ಪಿಟೀಲಿನಲ್ಲೋ ಕೊಳಲಿನಲ್ಲೋ ಕೇಳಿದವು.

ಮೂರನೆಯ ಕುಣಿತದ ಹೆಸರು 'ಪೆ ಲೋಕ್'. ಕುಣಿಯುವವರು ನಿಂತ ಜಾಗ ಬಿಡುವುದಿಲ್ಲ. ಇಲ್ಲಿ ಪಿಕೊಲೋ ಎಂಬ ಕಿರುಗೊಳಲು ಒಂಟಿಯಾಗಿ ಹಾಡುತ್ತದೆ. ತಂತಿವಾದ್ಯಗಳು ಕೆಳಗೆ ಶ್ರುತಿ ಹಿಡಿದಂತೆ ನಿಂತುಬಿಡುತ್ತವೆ. ಮಟ್ಟಿನಲ್ಲಿ ಎರಡು ಸ್ವರಗಳ ನಡುವೆ ದೊಡ್ಡ ಜಿಗಿತವಿದೆ. ನಮ್ಮ ಮಾಯಾಮಾಳವಗೌಳ ರಾಗದಲ್ಲಿ ರಿಷಭದಿಂದ ಗಾಂಧಾರಕ್ಕೆ ಹೋಗುವಷ್ಟೇ ಅಂತರ. ಐರೋಪ್ಯ ಸಂಗೀತದ ರೂಢಿಯಂತೆ ಅದರಡಿಯಲ್ಲಿ ದಟ್ಟವಾದ ಸ್ವರಮೇಳ ಜೋಡಿಸಿದ್ದರೆ ಆ ಜಿಗಿತದ ಸೊಗಸು ಮುಚ್ಚಿಹೋಗುತ್ತಿತ್ತು. ಬಾರ್ಟೋಕ್ ಇಡೀ ವಾದ್ಯವೃಂದವನ್ನು ಆ ಒಂದು ಕೊಳಲಿಗಾಗಿ ಮೆತ್ತಗಾಗಿಸಿದರು.

ಐದನೆಯ ಕುಣಿತದಲ್ಲಿ ಆಳುವುದು ಕಾಲು. ಎರಡೆಣಿಕೆಯ ನಡಿಗೆಯ ನಡುವೆ ಮೂರೆಣಿಕೆ ನುಗ್ಗಿಬರುತ್ತದೆ. ಹೆಜ್ಜೆ ಹಾಕುವವರಿಗೆ ಇದು ಸಹಜ. ವಾದ್ಯವೃಂದ ಆ ಹೆಜ್ಜೆಯನ್ನು ಕಲಿಯಬೇಕಾಯಿತು.

ಕಲಿತದ್ದು ಉಳಿಯಿತು. 1943ರಲ್ಲಿ, ತಾಯ್ನಾಡು ಬಿಟ್ಟು ಅಮೆರಿಕದಲ್ಲಿದ್ದಾಗ ಬಾರ್ಟೋಕ್ 'ವಾದ್ಯವೃಂದಕ್ಕಾಗಿ ಕಾನ್ಸರ್ಟೋ' ಬರೆದರು. ಅದರ ಕೊನೆಯ ಭಾಗದಲ್ಲಿ ಪಿಟೀಲುಗಳ ಓಟ ಕೇಳಿದರೆ ಹಳ್ಳಿಯ ಕುಣಿತವೇ ಕಣ್ಣಿಗೆ ಕಟ್ಟುತ್ತದೆ.

ಹಾಗಾದರೆ ಬದಲಾದದ್ದು ವಾದ್ಯವೃಂದವೇ. ಜನಪದ ಸಂಗೀತವನ್ನು ವೇದಿಕೆಗೆ ತರುವವರು ಮೊದಲು ಅದರ ಮುಂದೆ ಕೂತು ಕೇಳಬೇಕು. ಒಂದು ನಿಮಿಷವಷ್ಟೇ ಹಿಡಿಯುವ ಆ ಮೂರನೆಯ ಕುಣಿತವನ್ನು ನೀವೂ ಒಮ್ಮೆ ಕಿವಿಗೊಟ್ಟು ಕೇಳಿ.