ಎರಡು ಚೌಕ, ಒಂದು ಪಗಾರ
(ಸಂಘದ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ನಾವು ಗಿರಣಿ ಕಚೇರಿಯಲ್ಲಿ ಮಸ್ಟರು ಬರೆಯುವ ಗುಮಾಸ್ತರು. ಮೆಟ್ರಿಕ್ಕಿಗಿಂತ ಮುಂದೆ ಓದಿದವರಲ್ಲ. ಗಣಕಯಂತ್ರದ ವಿಷಯ ಮಾತನಾಡಲು ನಿಂತುದನ್ನು ಕಂಡು ಕೆಲವರು ಮುಗುಳ್ನಗುತ್ತಿದ್ದೀರಿ. ನಗಬಹುದು. ಆದರೆ ನಮ್ಮ ನಿಮ್ಮ ಪಗಾರವನ್ನು ಇಂದು ಲೆಕ್ಕ ಹಾಕುವುದು ಅದೇ ಯಂತ್ರ. ಅದರ ಪರದೆಯ ಮೇಲಿನ ಚೌಕಗಳು ಒಂದಕ್ಕೊಂದು ಹೇಗೆ ಸಂಬಂಧಪಟ್ಟಿವೆ ಎಂದು ವಿಚಾರಿಸುವುದು ಗುಮಾಸ್ತನ ಕೆಲಸವೇ ಹೌದು. ಸಂಜೆಯ ತರಗತಿಗಳಲ್ಲಿ ಪ್ರೋಗ್ರಾಮ್ ಬರೆಯಲು ಕಲಿಯುತ್ತಿರುವ ತರುಣರೂ ಇಲ್ಲಿದ್ದಾರೆ. ಹೆಚ್ಚಿನ ಮಾತು ಅವರಿಗಾಗಿಯೇ.

ಮೊದಲು ರೈಲ್ವೆ ಪಾಸನ್ನು ನೋಡೋಣ. ಡೊಂಬಿವಲಿಯಿಂದ ದಾದರಿಗೆ ಓಡಾಡುವವನು ಜೂನ್ 5ಕ್ಕೆ ತಿಂಗಳ ಪಾಸು ತೆಗೆದರೆ ಅದು ಜುಲೈ 4ರವರೆಗೆ ನಡೆಯುತ್ತದೆ. ಮೂರು ತಿಂಗಳದ್ದಾದರೆ ಸೆಪ್ಟೆಂಬರ್ 4. ಇಲ್ಲಿರುವ ಸಂಗತಿಗಳು ಮೂರು: ಆರಂಭದ ತಾರೀಖು, ಅವಧಿ, ಮುಗಿಯುವ ತಾರೀಖು. ಮೊದಲೆರಡು ಗೊತ್ತಾದರೆ ಮೂರನೆಯದು ತಾನಾಗಿ ಗೊತ್ತು. ಮೂರನ್ನೂ ಬೇರೆ ಬೇರೆಯಾಗಿ ಕೈಯಿಂದ ಬರೆಯುತ್ತ ಹೋದರೆ ಒಂದಲ್ಲ ಒಂದು ದಿನ ಅವು ಪರಸ್ಪರ ಹೊಂದದೆ ನಿಲ್ಲುತ್ತವೆ. ಆಗ ಟಿ.ಸಿ. ಹಿಡಿಯುವುದು ಪ್ರಯಾಣಿಕನನ್ನು, ಬರೆದವನನ್ನಲ್ಲ.

ಪರದೆಯ ಮೇಲೆ ಇಂಥ ಚೌಕಗಳನ್ನು ಸೇರಿಸಿ, ತಮ್ಮ ಕೆಲಸಕ್ಕೆ ತಕ್ಕಂತೆ ಹೊಸದಾಗಿ ಕಟ್ಟಿಕೊಂಡ ಸಾಧನಕ್ಕೆ ಕಸ್ಟಮ್ ಕಂಟ್ರೋಲ್ ಎನ್ನುತ್ತಾರೆ. ಅದರಲ್ಲಿರುವ ಒಂದೊಂದು ಸಂಗತಿಯೂ ಒಂದೊಂದು ಪ್ರಾಪರ್ಟಿ. ಒಂದು ಬದಲಾದಾಗ ಇನ್ನೊಂದೂ ತಾನಾಗಿ ಬದಲಾಗುವಂತೆ ಮಾಡಿದ ಏರ್ಪಾಡಿಗೆ ಬೈಂಡಿಂಗ್ ಎಂದು ಹೆಸರು. ನಾವು ಗಂಟು ಎನ್ನೋಣ. ಗಿರಣಿಯವರಿಗೆ ಆ ಮಾತು ಬೇಗ ತಿಳಿಯುತ್ತದೆ.

ಇದು ನಿನ್ನೆ ಮೊನ್ನೆಯ ಯೋಚನೆಯಲ್ಲ. 1963ರಲ್ಲಿಯೇ ಅಮೆರಿಕದ ಎಂ.ಐ.ಟಿ.ಯಲ್ಲಿ ಐವಾನ್ ಸದರ್ಲೆಂಡ್ ಎಂಬವರು ಸ್ಕೆಚ್‌ಪ್ಯಾಡ್ ರಚಿಸಿ, ಪರದೆಯ ಗೆರೆಗಳಿಗೆ ಪರಸ್ಪರ ನಿಬಂಧನೆ ಹಾಕಿ ತೋರಿಸಿದರು. (ಆ ಕಾಲಕ್ಕೆ ನಮ್ಮ ಕೊಲಾಬಾದ ಟಾಟಾ ಸಂಶೋಧನ ಸಂಸ್ಥೆಯಲ್ಲಿ ಟಿಫ್ರಾಕ್ ಎಂಬ ಗಣಕವೂ ಕೆಲಸ ಮಾಡುತ್ತಿತ್ತು, ಮುಂಬಯಿಯವರು ಹಿಂದೆ ಬಿದ್ದಿರಲಿಲ್ಲ.) 1979ರಲ್ಲಿ ವಿಸಿಕ್ಯಾಲ್ಕ್ ಬಂದ ಮೇಲೆ, ಒಂದು ಅಂಕಿ ತಿದ್ದಿದರೆ ಕೆಳಗಿನ ಮೊತ್ತವೆಲ್ಲ ತಾನೇ ತಿದ್ದಿಕೊಳ್ಳುವ ಸೌಕರ್ಯ ಗುಮಾಸ್ತನ ಕೈಗೇ ಬಂತು.

ಇನ್ನು ಪಗಾರಕ್ಕೆ ಬರೋಣ. ಪರದೆಯ ಮೇಲೆ ಎರಡು ಚೌಕಗಳಿವೆ ಎನ್ನಿ: ತಿಂಗಳ ಪಗಾರ, ದಿನದ ದರ. ತಿಂಗಳಿಗೆ 26 ದಿನವೆಂದು ಹಿಡಿಯುವುದು ರೂಢಿ. 1972ರ ಗ್ರಾಚ್ಯುಯಿಟಿ ಕಾಯಿದೆಯ ಲೆಕ್ಕವೂ 26ರಿಂದ ಭಾಗಿಸುವುದೇ ಆಗಿತ್ತು. ಯಾವ ಚೌಕದಲ್ಲಿ ಬರೆದರೂ ಇನ್ನೊಂದು ಬದಲಾಗಲಿ ಎಂದು ಪ್ರೋಗ್ರಾಮಿನವನು ಎರಡು ಕಡೆಯಿಂದಲೂ ಗಂಟು ಹಾಕುತ್ತಾನೆ. ನೀವು 20,000 ಎಂದು ಒತ್ತುತ್ತೀರಿ. ಭಾಗಿಸಿ, ಪೈಸೆಗೆ ಸರಿಮಾಡಿ ದಿನದ ದರ 769.23 ಎಂದು ಬರುತ್ತದೆ. ದರ ಬದಲಾಯಿತಲ್ಲ, ಆ ಗಂಟು ತಿರುಗಿ ಎಳೆಯುತ್ತದೆ. 26ರಿಂದ ಗುಣಿಸಿ ತಿಂಗಳ ಚೌಕದಲ್ಲಿ 19,999.98 ಎಂದು ಬರೆಯುತ್ತದೆ. ನೀವು ಒತ್ತಿದ ಅಂಕಿ ನಿಮ್ಮ ಕಣ್ಣೆದುರಿಗೇ ಕರಗಿತು! ಎರಡು ಪೈಸೆ ತಾನೇ ಎನ್ನಬೇಡಿ. ರೂಪಾಯಿಗೆ ಸರಿಮಾಡುವ ಪದ್ಧತಿಯಿದ್ದರೆ ದರ 769, ಪಗಾರ 19,994. ಒಬ್ಬನಿಗೆ ಆರು ರೂಪಾಯಿ. ಸಾವಿರ ಜನರಿಗೆ ತಿಂಗಳಿಗೆ ಆರು ಸಾವಿರ. ಯಾರೂ ಕದಿಯಲಿಲ್ಲ, ಯಾರೂ ತಪ್ಪು ಬರೆಯಲಿಲ್ಲ, ಹಣ ಮಾತ್ರ ಕಡಿಮೆಯಾಯಿತು.

ಬೆಲೆ ಮೊದಲಿದ್ದಷ್ಟೇ ಇದ್ದರೆ ಮುಂದಕ್ಕೆ ತಿಳಿಸಬೇಡ ಎಂಬ ಕಾವಲನ್ನು ತಿಳಿದವರು ಇಡುತ್ತಾರೆ. ಅದಿಲ್ಲದಿದ್ದರೆ ಎರಡು ಚೌಕಗಳೂ ಒಂದನ್ನೊಂದು ಎಬ್ಬಿಸುತ್ತ ಯಂತ್ರವೇ ನಿಂತುಹೋಗಬಹುದು. ಕಾವಲು ಬೇಕೇ ಬೇಕು. ಆದರೆ ಅದು ಓಟವನ್ನು ನಿಲ್ಲಿಸುತ್ತದೆಯೇ ಹೊರತು ಕಳೆದ ಆರು ರೂಪಾಯಿಯನ್ನು ತಂದುಕೊಡುವುದಿಲ್ಲ. ಅದಕ್ಕೆ ಉಪಾಯ ಒಂದೇ ಎಂದು ನಮಗೆ ತೋರುತ್ತದೆ. ಕರಾರಿನಲ್ಲಿ ಯಾವ ಅಂಕಿ ಬರೆದಿದೆಯೋ ಅದು ಮೂಲ. ಇನ್ನೊಂದು ಅದರ ನೆರಳು. ನೆರಳು ತೋರಿಸಬಹುದು, ಅದು ತಾನಾಗಿ ಬದಲಾದಾಗ ಮೂಲವನ್ನು ತಿದ್ದಬಾರದು. ಮನುಷ್ಯನೇ ನೆರಳಿನ ಚೌಕದಲ್ಲಿ ಕೈಯಾರೆ ಬರೆದರೆ ಮಾತ್ರ ಮೂಲ ಬದಲಾಗಲಿ.

ಇನ್ನೊಂದು ಅಪಾಯ ಇದಕ್ಕಿಂತ ಮೌನದ್ದು. ಮೈಕ್ರೋಸಾಫ್ಟಿನವರು 2006ರಲ್ಲಿ ಹೊರತಂದ ಡಬ್ಲ್ಯು.ಪಿ.ಎಫ್. ಎಂಬ ವ್ಯವಸ್ಥೆಯಲ್ಲಿ, ಒಂದೇ ಕಡೆಯಿಂದ ಗಂಟು ಹಾಕಿದ ಪ್ರಾಪರ್ಟಿಗೆ ಕಂಟ್ರೋಲು ತಾನೇ ನೇರವಾಗಿ ಒಂದು ಬೆಲೆ ಬರೆದರೆ, ಗಂಟೇ ಬಿಚ್ಚಿಹೋಗುತ್ತದೆ. ಪರದೆ ಏನೂ ದೂರುವುದಿಲ್ಲ. ಅಂಕಿ ಅಲ್ಲಿಯೇ ಇರುತ್ತದೆ, ಎಳೆ ಮಾತ್ರ ತುಂಡಾಗಿರುತ್ತದೆ. ಒಂದು ಕಚೇರಿಯಲ್ಲಿ ಹೀಗಾಗಿ, ತುಟ್ಟಿಭತ್ಯೆ ಏರಿದ ಮೇಲೂ ಮಗ್ಗದ ಖಾತೆಯವರ ಚೀಟಿಯಲ್ಲಿ ಹಳೆಯ ಮೊತ್ತವೇ ಬರುತ್ತಿತ್ತು. ಕೆಲಸಗಾರರು ಕೇಳಿದರೆ, ಯಂತ್ರ ಸುಳ್ಳು ಹೇಳುತ್ತದೆಯೇ ಎಂಬ ಉತ್ತರ. ಬಾಕಿ ಕೈಗೆ ಬರಲು ಎರಡು ಪಗಾರ ಕಾಯಬೇಕಾಯಿತು; ಊರಿಗೆ ಮನಿಯಾರ್ಡರು ಕಳಿಸುವವನಿಗೆ ಎರಡು ಪಗಾರವೆಂದರೇನೆಂದು ಇಲ್ಲಿದ್ದವರಿಗೆ ವಿವರಿಸಬೇಕಿಲ್ಲ. ಗಂಟು ಕಳಚದೆ ಬೆಲೆಯನ್ನು ಮಾತ್ರ ಬದಲಿಸುವ ಬೇರೊಂದು ದಾರಿಯನ್ನು ಆ ಕಂಪನಿಯವರು 2010ರಲ್ಲಿ ಕೊಟ್ಟರು: ಸೆಟ್‌ಕರೆಂಟ್‌ವ್ಯಾಲ್ಯು. ತರುಣರು ಹೆಸರನ್ನು ಬರೆದುಕೊಳ್ಳಿ.

ಅದೇ ವ್ಯವಸ್ಥೆಯ ಒಂದು ಒಳ್ಳೆಯ ಗುಣವನ್ನೂ ಹೇಳಬೇಕು. ಮುಂಗಡಕ್ಕೆ ಮಿತಿ 3,000 ಇರುವಾಗ ಒಬ್ಬನು 5,000 ಕೇಳಿದನೆನ್ನಿ. ಸರಿಯಾಗಿ ಕಟ್ಟಿದ ಕಂಟ್ರೋಲು 3,000 ತೋರಿಸಿದರೂ ಅವನ ಬೇಡಿಕೆಯನ್ನು ನೆನಪಿಟ್ಟಿರುತ್ತದೆ. ಮಿತಿ 6,000ಕ್ಕೆ ಏರಿದೊಡನೆ 5,000 ತಾನಾಗಿ ಕಾಣಿಸಿಕೊಳ್ಳುತ್ತದೆ. ನಮ್ಮ ಎಷ್ಟೋ ಹೆಡ್‌ಕ್ಲಾರ್ಕುಗಳಿಗೆ ಇಷ್ಟು ನೆನಪಿರುವುದಿಲ್ಲ.

ತರುಣರು ಇಂಥ ಕಂಟ್ರೋಲನ್ನು ಕಟ್ಟಿದರೆ ಕಚೇರಿಗೆ ಕೊಡುವ ಮೊದಲು ಹೀಗೆ ಪರೀಕ್ಷಿಸಿ: ತಿಂಗಳ ಚೌಕದಲ್ಲಿ 20,000 ಒತ್ತಿ, ದಿನದ ಚೌಕಕ್ಕೆ ಹೋಗಿ, ಏನೂ ಬರೆಯದೆ ಹಿಂದಿರುಗಿ. ಮೂರು ಸಲ ಹೀಗೆ ಮಾಡಿ. 20,000 ಹಾಗೆಯೇ ಇರಬೇಕು. ಆ ಮೇಲೆ ಅದನ್ನು 26,000 ಮಾಡಿ. ದಿನದ ದರ ಸರಿಯಾಗಿ 1,000 ಆಗಬೇಕು. ಹಳೆಯ ಅಂಕಿಯೇ ನಿಂತಿದ್ದರೆ ಎಲ್ಲಿಯೋ ಗಂಟು ಬಿಚ್ಚಿದೆ.